ಹಾವಿನ ವಿಷ ಇಳಿದ ಮೇಲೆ: ಕೊಡಗಿನ ಮಕ್ಕಳ ಐಸಿಯುವಿನ ಒಂದು ಪ್ರಕರಣ

ಮಗು ಬದುಕಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಓದುವವರ ಮನಸ್ಸೆಲ್ಲ ಅಲ್ಲೇ ಇರುತ್ತದೆ, ನಾನು ಹೇಳಬೇಕಾದದ್ದು ಕಿವಿಗೆ ಬೀಳುವುದಿಲ್ಲ.

ನಾನು ಕೊಡಗಿನ ಒಂದು ಆಸ್ಪತ್ರೆಯಲ್ಲಿ ಸೋಂಕು ತಡೆಯುವ ಕೆಲಸ ನೋಡಿಕೊಳ್ಳುವ ನರ್ಸ್. ನಮ್ಮ ಮಕ್ಕಳ ಐಸಿಯುವಿನಲ್ಲಿ ಆರು ಹಾಸಿಗೆ, ನಾಲ್ಕು ವೆಂಟಿಲೇಟರ್. ಒಂದು ಮಳೆಗಾಲದಲ್ಲಿ ಐದು ವರ್ಷದ ಹುಡುಗನೊಬ್ಬ ಹಾವು ಕಚ್ಚಿಸಿಕೊಂಡು ಬಂದ. ಎಂಟು ಹತ್ತು ದಿನದಲ್ಲಿ ನಡೆದುಕೊಂಡೇ ಮನೆಗೆ ಹೋಗಬೇಕಾಗಿದ್ದ ಹುಡುಗ. 25 ದಿನ ಇದ್ದ. ಅದರಲ್ಲಿ ಹಾವಿನ ಪಾಲು ಮೊದಲ ಒಂದು ವಾರ. ಉಳಿದದ್ದೆಲ್ಲ ನಮ್ಮ ಐಸಿಯುವಿನ ಒಳಗೇ ಅಂಟಿದ, ಮಾಮೂಲಿ ಔಷಧ ಯಾವುದಕ್ಕೂ ಬಗ್ಗದ ಒಂದು ಬ್ಯಾಕ್ಟೀರಿಯಾದ್ದು. ಮನೆಯವರನ್ನು ಕೇಳಿ, ಅವರು ಹೂಂ ಅಂದ ಮೇಲೆ, ಗುರುತು ಸಿಗುವ ವಿವರ ಬಿಟ್ಟು ಬರೆಯುತ್ತಿದ್ದೇನೆ.

ಜುಲೈ 20, ಬೆಳಗಿನ ಜಾವ

ಸಿದ್ದಾಪುರದ ಕಡೆಯ ಕಾಫಿ ತೋಟದಲ್ಲಿ ಕೆಲಸದವರು ಇರುವ ಲೈನ್ ಮನೆ. ಅಜ್ಜನ ಕಾಲಕ್ಕೆ ಹುಣಸೂರು ಕಡೆಯಿಂದ ಕೆಲಸಕ್ಕೆ ಬಂದು ಇಲ್ಲೇ ನಿಂತ ಕುಟುಂಬ. ಮಗು ಅಜ್ಜಿಯ ಪಕ್ಕ ನೆಲದ ಮೇಲೆ ಚಾಪೆಯಲ್ಲಿ ಮಲಗಿತ್ತು. ನಾಲ್ಕು ಗಂಟೆಗೆ ಎದ್ದು ಹೊಟ್ಟೆನೋವು ಅಂತ ಅಳತೊಡಗಿತು, ಎರಡು ಸಲ ವಾಂತಿ ಮಾಡಿತು. ಹಿಂದಿನ ದಿನ ಹಲಸಿನ ಹಣ್ಣು ತಿಂದಿತ್ತು. ಅದೇ ಇರಬೇಕು ಅಂತ ಅಜ್ಜಿ ಓಮದ ನೀರು ಕುಡಿಸಿದರು. ಐದೂವರೆಗೆ ಮಗುವಿನ ಕಣ್ಣಿನ ರೆಪ್ಪೆ ಜಾರಿ ಬಿದ್ದಿತ್ತು. "ನಿದ್ದೆ ಬತ್ತದೆ ಅಂತ ತಿಳ್ಕಂಡ್ವಿ ಸಿಸ್ಟರ್. ಎಬ್ಬಿಸಿದ್ರೆ ಕಣ್ಣೇ ಬಿಡ್ತಿಲ್ಲ, ಮಾತು ಮಾತ್ರ ಆಡ್ತಾವ್ನೆ" ಅಂತ ಅಪ್ಪ ಆಮೇಲೆ ಹೇಳಿದರು.

ಕಟ್ಟುಹಾವು ಕಚ್ಚಿದರೆ ಹೀಗೇ ಆಗುತ್ತದೆ. ನೋವಿಲ್ಲ, ಊತವಿಲ್ಲ. ಹಲ್ಲಿನ ಗುರುತೂ ಎಷ್ಟೋ ಸಲ ಕಾಣುವುದಿಲ್ಲ. ಮಳೆಗಾಲದ ರಾತ್ರಿ ನೆಲದ ಮೇಲೆ ಮಲಗಿದವರು ಬೆಳಗಿನ ಜಾವ ಹೊಟ್ಟೆನೋವು ಅಂದು, ರೆಪ್ಪೆ ಜೋತು ಬಿದ್ದರೆ ಹಾವು ಅಂತಲೇ ಅನುಮಾನಿಸಬೇಕು. ತೋಟದ ಲೆಕ್ಕ ನೋಡುವ ರೈಟರ್ ಒಬ್ಬರು ಜೀಪು ತಂದರು. ಹತ್ತಿರದ ಆಸ್ಪತ್ರೆಯ ಡಾಕ್ಟರ್ ನೋಡಿದ ತಕ್ಷಣ ಗುರುತು ಹಿಡಿದು ಹಾವಿನ ಔಷಧದ 10 ವಯಲ್ ಶುರು ಮಾಡಿ 108ರಲ್ಲಿ ನಮಗೆ ಕಳಿಸಿದರು. ಮಗು ಚಿಕ್ಕದು ಅಂತ ಡೋಸ್ ಕಡಿಮೆ ಮಾಡಲಿಲ್ಲ. ಅದು ಸರಿ. ಹಾವು ಮಗುವಿಗೂ ದೊಡ್ಡವರಿಗೂ ಒಂದೇ ಅಳತೆಯ ವಿಷ ಬಿಡುತ್ತದೆ, ಅಲ್ವಾ? ಆ ಡಾಕ್ಟರಿಗೆ ನಾನು ಇವತ್ತಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ನಮ್ಮಲ್ಲಿಗೆ ಬಂದಾಗ ಕತ್ತು ಎತ್ತಲು ಆಗುತ್ತಿರಲಿಲ್ಲ. ಒಂದೇ ಉಸಿರಿನಲ್ಲಿ ಎಣಿಸು ಅಂದರೆ ಮೂರಕ್ಕೇ ನಿಂತಿತು. ಎಂಟು ಗಂಟೆಗೆ ಗಂಟಲಿಗೆ ಟ್ಯೂಬ್ ಹಾಕಿ ವೆಂಟಿಲೇಟರ್‌ಗೆ ಜೋಡಿಸಿದೆವು. ಎದೆಯ ಎಕ್ಸ್‌ರೇ ಕಪ್ಪಗೆ ಸ್ವಚ್ಛವಾಗಿತ್ತು. ಮಗು ಬಂದ ದಿನ ಶ್ವಾಸಕೋಶದಲ್ಲಿ ಏನೂ ಇರಲಿಲ್ಲ. ಮುಂದಿನ ಕಥೆಗೆಲ್ಲ ಈ ಎಕ್ಸ್‌ರೇಯೇ ಸಾಕ್ಷಿ.

ಅವತ್ತು ಮಧ್ಯಾಹ್ನ ಹೊಸ ನರ್ಸ್ ಒಬ್ಬಳು ಟಾರ್ಚ್ ಹಾಕಿ ನೋಡಿ ಗಾಬರಿಯಾದಳು. ಕಣ್ಣಿನ ಪಾಪೆ ದೊಡ್ಡದಾಗಿ ಬಿಟ್ಟುಕೊಂಡಿತ್ತು, ಬೆಳಕಿಗೆ ಮಿಸುಕಲಿಲ್ಲ. ಮೆದುಳೇ ಹೋಯಿತೇನೋ ಅಂದುಕೊಂಡಳು. ಕಟ್ಟುಹಾವಿನ ವಿಷಕ್ಕೆ ಪಾಪೆಯೂ ಹೀಗೆ ನಿಂತುಬಿಡುತ್ತದೆ, ಮಗುವಿಗೆ ಎಲ್ಲವೂ ಕೇಳಿಸುತ್ತಿರುತ್ತದೆ ಅಂತ ಅವಳಿಗೆ ಹೇಳಿದೆ. ಅದಕ್ಕೇ ನಾವು ಆ ಹಾಸಿಗೆಯ ಹತ್ತಿರ ಹೋದಾಗಲೆಲ್ಲ ಮಾತಾಡುತ್ತಿದ್ದೆವು. "ಪುಟ್ಟಾ, ಈಗ ಬಾಯಿ ತೊಳೀತೀನಿ", "ಪುಟ್ಟಾ, ಮಗ್ಗುಲು ಬದಲಾಯಿಸ್ತೀವಿ", "ಹೊರಗೆ ಮಳೆ ಜೋರಾಗಿದೆ ನೋಡು". ರೆಪ್ಪೆ ಕೆಳಗಿಟ್ಟುಕೊಂಡು, ಬೆರಳೂ ಆಡಿಸಲಾಗದೆ, ಮಗು ಐದು ದಿನ ನಮ್ಮ ದನಿ ಕೇಳಿಕೊಂಡೇ ಇತ್ತು.

ಕಟ್ಟುಹಾವಿನ ವಿಷ ನರದ ತುದಿಯನ್ನೇ ಹಾಳು ಮಾಡುತ್ತದೆ. ಹಾವಿನ ಔಷಧ ರಕ್ತದಲ್ಲಿ ಓಡಾಡುವ ವಿಷವನ್ನು ಹಿಡಿಯಬಲ್ಲದು. ಆದರೆ ನರದ ತುದಿ ಮತ್ತೆ ಚಿಗುರಬೇಕಾದರೆ ದಿನಗಳೇ ಬೇಕು. ಅಲ್ಲಿಯವರೆಗೆ ವೆಂಟಿಲೇಟರ್ ಉಸಿರಾಡಿಸಿದರೆ ಸಾಕು, ಮಗು ತಾನಾಗಿ ಎದ್ದು ಬರುತ್ತದೆ. ಆ ಕೆಲವು ದಿನ ಕಾಯುವುದು, ಕಾಯುವಾಗ ಬೇರೆ ಕೆಟ್ಟದ್ದು ಆಗದಂತೆ ನೋಡಿಕೊಳ್ಳುವುದು, ನಮ್ಮ ಕೆಲಸ ಇಷ್ಟೇ ಆಗಿತ್ತು.

ಆರನೇ ರಾತ್ರಿ

24ರಂದು ಬಲಗೈ ಹೆಬ್ಬೆರಳು ಆಡಿತು. 25ರ ಬೆಳಿಗ್ಗೆ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಹೊರಳಿತು. ಅಮ್ಮನನ್ನು ಕರೆದು ತೋರಿಸಿದೆವು. ಮರುದಿನ ವೆಂಟಿಲೇಟರ್ ಕಡಿಮೆ ಮಾಡುತ್ತಾ ಬರೋಣ ಅಂತ ರೌಂಡ್ಸ್‌ನಲ್ಲಿ ಮಾತಾಯಿತು.

ಅದೇ ರಾತ್ರಿ ಹನ್ನೊಂದಕ್ಕೆ ಸಕ್ಷನ್ ಮಾಡಿದ, ಅಂದರೆ ಟ್ಯೂಬಿನಿಂದ ಕಫ ಎಳೆದು ತೆಗೆದ ಸಿಸ್ಟರ್ ನನಗೆ ಫೋನ್ ಮಾಡಿದಳು. ಅಲ್ಲಿಯವರೆಗೆ ನೀರಿನ ಹಾಗಿದ್ದ ಕಫ ಗಟ್ಟಿಯಾಗಿ, ಹಳದಿಗೆ ತಿರುಗಿ ಹಸಿರು ಛಾಯೆ ಬಂದಿತ್ತು. ಮೂರು ಗಂಟೆಗೊಮ್ಮೆ ಮಾಡುತ್ತಿದ್ದ ಸಕ್ಷನ್ ಅರ್ಧ ಗಂಟೆಗೊಮ್ಮೆ ಮಾಡಬೇಕಾಯಿತು. ಜ್ವರ 102. ಶೇ 30 ಆಕ್ಸಿಜನ್‌ನಲ್ಲಿ ಆರಾಮಾಗಿದ್ದ ಮಗುವಿಗೆ ಬೆಳಗಾಗುವಷ್ಟರಲ್ಲಿ ಶೇ 60 ಬೇಕಾಯಿತು. ಎಕ್ಸ್‌ರೇಯಲ್ಲಿ ಬಲಗಡೆ ಕೆಳಗೆ ಬಿಳಿ ಮೋಡ.

ವೆಂಟಿಲೇಟರ್ ಹಾಕಿ 48 ಗಂಟೆ ಕಳೆದ ಮೇಲೆ ಬರುವ ನ್ಯುಮೋನಿಯಾವನ್ನು ಮನೆಯಿಂದ ತಂದದ್ದು ಅಂತ ಹೇಳಲು ಬರುವುದಿಲ್ಲ. ಅದು ಆಸ್ಪತ್ರೆಯದ್ದು. ಗಂಟಲಿನ ಟ್ಯೂಬ್ ಅಂದರೆ ಹೊರಗಿನಿಂದ ಶ್ವಾಸಕೋಶಕ್ಕೆ ನೇರ ದಾರಿ. ಮೂಗಿನ ಕೂದಲು, ಕೆಮ್ಮು, ನುಂಗುವುದು, ದೇಹದ ಕಾವಲುಗಾರರನ್ನೆಲ್ಲ ಅದು ದಾಟಿಬಿಡುತ್ತದೆ. ಈ ಮಗುವಿಗಂತೂ ಕೆಮ್ಮುವ ಶಕ್ತಿಯೇ ಇರಲಿಲ್ಲ.

ಔಷಧ ಬದಲಿಸುವ ಮೊದಲು ಟ್ಯೂಬಿನ ಒಳಗಿಂದ ಕಫ, ಎರಡು ಜಾಗದಿಂದ ರಕ್ತ ಕಲ್ಚರಿಗೆ, ಅಂದರೆ ಯಾವ ಬ್ಯಾಕ್ಟೀರಿಯಾ ಅಂತ ಬೆಳೆಸಿ ನೋಡಲು, ತೆಗೆದೆವು. ಈ ಕ್ರಮ ತಪ್ಪಿದರೆ ಮುಂದೆಲ್ಲ ಕತ್ತಲಲ್ಲಿ ತಡಕಾಡಿದ ಹಾಗೆ. ಆಮೇಲೆ ಮೆರೊಪೆನೆಮ್ ಅನ್ನುವ ಆ್ಯಂಟಿಬಯಾಟಿಕ್ 600 ಮಿಲಿಗ್ರಾಂ, ಎಂಟು ಗಂಟೆಗೊಮ್ಮೆ, ಪ್ರತಿ ಸಲ ಮೂರು ಗಂಟೆ ಕಾಲ ನಿಧಾನವಾಗಿ. ಹುಡುಗನ ತೂಕ 15 ಕಿಲೋ.

ಮೈಸೂರಿಗೆ ಕಳಿಸೋಣವೇ ಅನ್ನುವ ಪ್ರಶ್ನೆ ಬಂತು. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಆ ವಾರ ದಾರಿಯುದ್ದಕ್ಕೂ ಮರ ಬೀಳುತ್ತಿತ್ತು. ಶೇ 60 ಆಕ್ಸಿಜನ್‌ನಲ್ಲಿರುವ ಮಗುವನ್ನು ಆ ದಾರಿಯಲ್ಲಿ ಕಳಿಸುವ ಧೈರ್ಯ ಯಾರಿಗೂ ಬರಲಿಲ್ಲ. ಅಲ್ಲಿನ ಮಕ್ಕಳ ಐಸಿಯು ತಜ್ಞರೊಬ್ಬರು ದಿನಕ್ಕೆ ಎರಡು ಸಲ ಫೋನಿನಲ್ಲಿ ಸಿಗುತ್ತಿದ್ದರು. ಮಗುವನ್ನು ಇಲ್ಲೇ ಇಟ್ಟುಕೊಂಡೆವು.

ರಿಪೋರ್ಟಿನ ತುಂಬ 'ಆರ್'

28ರ ಬೆಳಿಗ್ಗೆ ಮೈಕ್ರೋಬಯಾಲಜಿಯಿಂದ ರಿಪೋರ್ಟ್ ಬಂತು. ಅಸಿನೆಟೊಬ್ಯಾಕ್ಟರ್ ಬೌಮನ್ನಿ. ಕೆಳಗೆ ಔಷಧಗಳ ಪಟ್ಟಿ. ಪಕ್ಕದಲ್ಲಿ ಒಂದರ ಕೆಳಗೆ ಒಂದು ಆರ್, ಆರ್, ಆರ್. ಅಂದರೆ ರೆಸಿಸ್ಟೆಂಟ್, ಬಗ್ಗುವುದಿಲ್ಲ. ಸೆಫ್ಟ್ರಿಯಾಕ್ಸೋನ್ ಆರ್. ಅಮಿಕಾಸಿನ್ ಆರ್. ನಾವು ಮೂರು ದಿನದಿಂದ ಕೊಡುತ್ತಿದ್ದ ಮೆರೊಪೆನೆಮ್ ಕೂಡ ಆರ್. ಮಿನೊಸೈಕ್ಲಿನ್ ಎದುರು ಎಸ್, ಅಂದರೆ ಬಗ್ಗುತ್ತದೆ. ಕೊಲಿಸ್ಟಿನ್ ಎದುರು ಐ, ಅಂದರೆ ಎರಡರ ನಡುವೆ.

ಆ 'ಐ' ನೋಡಿ ಹೊಸಬರು ಲ್ಯಾಬಿನವರ ತಪ್ಪು ಅಂದುಕೊಳ್ಳುತ್ತಾರೆ. ತಪ್ಪಲ್ಲ. ನಮ್ಮ ಲ್ಯಾಬ್ ಅನುಸರಿಸುವ ಅಮೆರಿಕದ ಮಾನದಂಡದಲ್ಲಿ 2020ರಿಂದ ಕೊಲಿಸ್ಟಿನ್‌ಗೆ 'ಎಸ್' ಅನ್ನುವ ದರ್ಜೆಯೇ ಇಲ್ಲ. ಈ ಔಷಧ ಖಂಡಿತ ಕೆಲಸ ಮಾಡುತ್ತದೆ ಅಂತ ಯಾರೂ ಸಹಿ ಹಾಕಿ ಕೊಡುವುದಿಲ್ಲ ಅಂತ ಅದರ ಅರ್ಥ.

ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೊಸದಾಗಿ ಮಾಡಿದ ಅಪಾಯಕಾರಿ ಬ್ಯಾಕ್ಟೀರಿಯಾಗಳ ಪಟ್ಟಿಯಲ್ಲಿ ಈ ಜಾತಿಯ, ಮೆರೊಪೆನೆಮ್ ಗುಂಪಿಗೆ ಬಗ್ಗದ ಅಸಿನೆಟೊಬ್ಯಾಕ್ಟರ್ ಮೇಲಿನ ದರ್ಜೆಯಲ್ಲೇ ಇದೆ. 2017ರ ಪಟ್ಟಿಯಲ್ಲೂ ಅಲ್ಲೇ ಇತ್ತು. ಆರೋಗ್ಯವಾಗಿರುವವರ ಕೈ ಮೇಲೆ ಕೂತರೆ ಏನೂ ಮಾಡುವುದಿಲ್ಲ. ಐಸಿಯುವಿನಲ್ಲಿ ಟ್ಯೂಬ್ ಇರುವವರಿಗೆ ಕಾದಿರುತ್ತದೆ. ಒಣ ಕಂಬಿಯ ಮೇಲೆ ವಾರಗಟ್ಟಲೆ ಬದುಕುತ್ತದೆ, ನೀರು ಸಿಕ್ಕರೆ ಇನ್ನೂ ಖುಷಿ. 2021ರ ಒಂದೇ ವರ್ಷದಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದ ಜಗತ್ತಿನಲ್ಲಿ ನೇರವಾಗಿ ಸತ್ತವರು ಸುಮಾರು 11.4 ಲಕ್ಷ ಎಂಬ ಅಂದಾಜಿದೆ. ಅಷ್ಟು ದೊಡ್ಡ ಸಂಖ್ಯೆ ನನ್ನ ತಲೆಗೆ ಹೋಗುವುದಿಲ್ಲ. ಮೂರನೇ ಹಾಸಿಗೆಯ ಆ ರಿಪೋರ್ಟ್ ಮಾತ್ರ ಕಣ್ಣು ಮುಚ್ಚಿದರೂ ಕಾಣುತ್ತದೆ.

ಕೊಲಿಸ್ಟಿನ್ ಹಳೇ ಔಷಧ. ಕಿಡ್ನಿ ಕೆಡಿಸುತ್ತದೆ ಅಂತ 1970ರ ದಶಕದ ಹೊತ್ತಿಗೆ ಬಹುಪಾಲು ಬದಿಗಿಟ್ಟಿದ್ದರು. ಬೇರೆ ದಾರಿ ಇಲ್ಲದೆ ಮತ್ತೆ ಕೈಗೆತ್ತಿಕೊಂಡಿದ್ದಾರೆ. ನಮ್ಮ ದೇಶದಲ್ಲಿ ಕೋಳಿ, ದನಕರುಗಳ ಮೇವಿಗೆ ಇದನ್ನು ಬೆರೆಸುವುದನ್ನು 2019ರ ಜುಲೈನಲ್ಲಿ ನಿಷೇಧಿಸಿದರು. ಅಷ್ಟು ಜೋಪಾನ ಮಾಡಬೇಕಾದ ಔಷಧ.

ಈ ಮಗುವಿಗೆ ಇನ್ನೊಂದು ತೊಡಕಿತ್ತು. ಕೊಲಿಸ್ಟಿನ್ ಅಪರೂಪಕ್ಕೆ ನರ ಮತ್ತು ಸ್ನಾಯು ಸೇರುವ ಜಾಗವನ್ನೂ ಹಿಡಿಯುತ್ತದೆ. ಕಟ್ಟುಹಾವಿನ ವಿಷ ಹಾಳು ಮಾಡಿದ್ದೂ ಅದೇ ಜಾಗ. ಅಲ್ಲಿ ಈಗಷ್ಟೇ ಚಿಗುರು ಕಾಣಿಸಿಕೊಂಡಿತ್ತು. ಮಿನೊಸೈಕ್ಲಿನ್ ಕೊಟ್ಟರೆ ಎಂಟು ವರ್ಷದೊಳಗಿನ ಮಕ್ಕಳಿಗೆ ಹಲ್ಲು ಕಲೆಯಾಗುವ ಭಯ. ಫೋನಿನಲ್ಲಿ ಬಹಳ ಹೊತ್ತು ಚರ್ಚೆ ನಡೆಯಿತು. ಕೊನೆಗೆ ಸಲ್‌ಬ್ಯಾಕ್ಟಂ ಇರುವ ಔಷಧವನ್ನು ಜಾಸ್ತಿ ಡೋಸಿನಲ್ಲಿ, ಜೊತೆಗೆ ಕೊಲಿಸ್ಟಿನ್ ಅಂತ ತೀರ್ಮಾನವಾಯಿತು. ಮೆರೊಪೆನೆಮ್ ನಿಲ್ಲಿಸಿದೆವು. ಹಲ್ಲಿನ ಮಾತು ಆಡುವಷ್ಟು ಸಮಯ ಇದೆಯಾ ಅಂತ ಆ ದಿನ ನನಗೆ ಅನ್ನಿಸಿದ್ದು ನಿಜ. ಅಗತ್ಯ ಬಿದ್ದರೆ ಅದನ್ನೂ ಕೊಡೋಣ ಅಂತ ಡಾಕ್ಟರ್ ಹೇಳಿದ ಮೇಲೆ ಸುಮ್ಮನಾದೆ.

ಅಮ್ಮನಿಗೆ ಹೇಳಿದ್ದು

ಆ ಮೂರು ದಿನ ಅಮ್ಮ ಬಾಗಿಲ ಹತ್ತಿರದ ಬೆಂಚಿನಲ್ಲೇ ಕೂತಿದ್ದರು. ನೆಂದ ಸೆರಗು ಒಣಗುತ್ತಲೇ ಇರಲಿಲ್ಲ. ನನ್ನನ್ನು ಕಂಡಾಗಲೆಲ್ಲ ಒಂದೇ ಮಾತು. "ಮಳೇಲಿ ಆಡಕ್ಕೆ ಬಿಟ್ಟಿದ್ದೆ ಸಿಸ್ಟರ್. ಅದಕ್ಕೇ ಕಫ ಕಟ್ಕಂತೇನೋ. ನೆಲದ ಮ್ಯಾಲೆ ಮಲಗಿಸಿದ್ದೂ ನಾನೇ."

ಡಾಕ್ಟರ್ ಮತ್ತು ನಾನು ಅವರಿಗೆ ಇದ್ದದ್ದನ್ನು ಹೇಳಬೇಕು ಅಂತ ನಿರ್ಧರಿಸಿದೆವು. ಆಡಳಿತದ ಕಡೆಯಿಂದ ಒಬ್ಬರು "ನ್ಯುಮೋನಿಯಾ ಆಗಿದೆ ಅಂತ ಹೇಳಿ ಸಾಕು" ಅಂದರು. ಅವರ ಭಯ ನನಗೆ ಅರ್ಥವಾಗುತ್ತದೆ. ಆದರೆ ಸುಮ್ನೆ ಇದ್ದರೆ ಆ ತಾಯಿ ತಾನೇ ಮಗುವನ್ನು ಕೊಂದೆ ಅಂತ ಜೀವನಪೂರ್ತಿ ನಂಬಿಕೊಂಡಿರುತ್ತಿದ್ದರು.

ಅಪ್ಪ, ಅಮ್ಮ, ಅಜ್ಜಿ ಮೂವರನ್ನೂ ಕೂರಿಸಿ ಡಾಕ್ಟರ್ ಹೇಳಿದರು: "ಹಾವಿನ ವಿಷ ಇಳೀತಾ ಇದೆ. ಈಗ ಬಂದಿರೋ ಸೋಂಕು ನಿಮ್ಮ ಮನೆಯಿಂದ ಬಂದಿದ್ದಲ್ಲ ಅಮ್ಮಾ. ಇಲ್ಲಿ, ಆಸ್ಪತ್ರೆಯಲ್ಲಿ ಅಂಟಿರೋದು. ಬರದ ಹಾಗೆ ನಾವು ನೋಡ್ಕೋಬೇಕಿತ್ತು. ಆಗಲಿಲ್ಲ. ಅದಕ್ಕೆ ಕ್ಷಮೆ ಕೇಳ್ತೀನಿ. ಎಲ್ಲಿಂದ ಬಂತು ಅಂತ ಹುಡುಕ್ತಾ ಇದೀವಿ."

ಬಯ್ಯುತ್ತಾರೆ ಅಂತ ಕಾದಿದ್ದೆ. ಅಮ್ಮ ಅತ್ತರು. ಅಪ್ಪ ತುಂಬಾ ಹೊತ್ತು ನೆಲ ನೋಡುತ್ತಿದ್ದು ಒಂದೇ ಪ್ರಶ್ನೆ ಕೇಳಿದರು: "ಪಕ್ಕದ ಮಂಚದ ಮಗೀಗೂ ಬತ್ತದಾ?"

ಆ ಪ್ರಶ್ನೆ ನಾನು ಕೇಳಿಕೊಳ್ಳಬೇಕಾಗಿತ್ತು. ಅವತ್ತೇ ನಾಲ್ಕನೇ ಹಾಸಿಗೆಯ ಎಂಟು ತಿಂಗಳ ಕೂಸಿನ ಕಫವನ್ನೂ ಕಲ್ಚರಿಗೆ ಕಳಿಸಿದೆ.

ಎಲ್ಲಿಂದ ಬಂತು

ಕೂಸಿನ ಕಫದಲ್ಲೂ ಅದೇ ಬ್ಯಾಕ್ಟೀರಿಯಾ ಬೆಳೆಯಿತು. ಔಷಧಗಳ ಪಟ್ಟಿಯೂ ಸಾಲು ಸಾಲಾಗಿ ಅದೇ. ಆದರೆ ಕೂಸಿಗೆ ಜ್ವರವಿಲ್ಲ, ಎಕ್ಸ್‌ರೇ ಸರಿಯಿದೆ, ಆಕ್ಸಿಜನ್ ಹೆಚ್ಚು ಬೇಕಾಗಿಲ್ಲ. ಬ್ಯಾಕ್ಟೀರಿಯಾ ಬಂದು ಕೂತಿದೆ, ಇನ್ನೂ ಕಾಯಿಲೆ ಮಾಡಿಲ್ಲ. ಇಂಥ ಹೊತ್ತಿನಲ್ಲಿ ರಿಪೋರ್ಟ್ ನೋಡಿ ಹೆದರಿ ಕೊಲಿಸ್ಟಿನ್ ಶುರು ಮಾಡುವುದು ದೊಡ್ಡ ತಪ್ಪು. ಕೂಸನ್ನು ಬೇರೆ ಕೋಣೆಗೆ ಹಾಕಿ, ಅದಕ್ಕೆಂದೇ ಒಬ್ಬ ನರ್ಸ್ ಇಟ್ಟು, ಔಷಧ ಕೊಡದೆ ನೋಡಿಕೊಂಡೆವು. ಕೂಸು ನಾಲ್ಕು ದಿನಕ್ಕೆ ಟ್ಯೂಬ್ ತೆಗೆಸಿಕೊಂಡಿತು, ಕಾಯಿಲೆ ಬೀಳಲೇ ಇಲ್ಲ.

ಒಂದು ಐಸಿಯುವಿನಲ್ಲಿ ಇಬ್ಬರಿಗೆ ಒಂದೇ ಬ್ಯಾಕ್ಟೀರಿಯಾ ಅಂದರೆ ಹೊತ್ತು ತಿರುಗುವ ಏನೋ ಒಂದು ಇದೆ. ಹಳೇ ರಿಜಿಸ್ಟರ್ ತೆಗೆದು ನೋಡಿದೆ. ಜೂನ್ ಮೂರನೇ ವಾರ ಇನ್ನೊಂದು ಮಗುವಿಗೆ ಇದೇ ರಿಪೋರ್ಟ್ ಬಂದಿತ್ತು. ಹೊರಗೆ ಎಲ್ಲೋ ಬಹಳ ದಿನ ಚಿಕಿತ್ಸೆ ಪಡೆದು ಬಂದಿದ್ದ ಮಗು. ಉಳಿಯಲಿಲ್ಲ. ರಿಪೋರ್ಟ್ ಬಂದದ್ದು ಮಗು ತೀರಿಕೊಂಡ ಮರುದಿನ. ಫೈಲಿಗೆ ಸೇರಿಸಿ ಇಟ್ಟುಬಿಟ್ಟಿದ್ದೆವು. ಆವತ್ತು ಯಾರೂ, ನಾನೂ, ಮುಂದಿನ ಮಗುವಿನ ಬಗ್ಗೆ ಯೋಚಿಸಲಿಲ್ಲ. ಇದನ್ನು ಬರೆಯುವಾಗಲೂ ಕೈ ನಿಲ್ಲುತ್ತದೆ.

29ರಂದು ಐಸಿಯುವಿನ 22 ಜಾಗವನ್ನು ಹತ್ತಿ ಕಡ್ಡಿಯಿಂದ ಒರೆಸಿ ಪರೀಕ್ಷೆಗೆ ಸ್ವಾಬ್ ತೆಗೆದೆ. ಮಂಚದ ಕಂಬಿ, ಮಾನಿಟರ್ ಗುಂಡಿ, ಸಕ್ಷನ್ ಜಾರ್, ಸಿಂಕ್, ಸ್ಟೆತಾಸ್ಕೋಪ್, ಕಂಪ್ಯೂಟರ್ ಕೀಲಿಮಣೆ, ಫೋನ್, ಕೈಯಲ್ಲಿ ಒತ್ತಿ ಉಸಿರು ಕೊಡುವ ಚೀಲವಾದ ಆಂಬು ಬ್ಯಾಗ್. ಸ್ವಾಬ್ ತೆಗೆಯುತ್ತಾ ಮೂರನೇ ಹಾಸಿಗೆಯ ಆಂಬು ಬ್ಯಾಗ್ ಬಿಚ್ಚಿದೆ. ಮಗುವಿನ ಮುಖದ ಕಡೆ ಜೋಡಿಸುವ ತುದಿಯಲ್ಲಿ ಒಂದು ವಾಲ್ವ್ ಇರುತ್ತದೆ. ಬಾತುಕೋಳಿ ಕೊಕ್ಕಿನ ಹಾಗೆ ಎರಡು ತುಟಿಯ ಸಣ್ಣ ರಬ್ಬರ್. ಬೆರಳಿನಿಂದ ತುಟಿ ಬಿಡಿಸಿದೆ. ಒಳಗಿಂದ ಒಂದು ಹನಿ ನೀರು ನನ್ನ ಗ್ಲೌಸಿನ ಮೇಲೆ ಬಿತ್ತು.

ತೊಳೆದು, ಬ್ಯಾಕ್ಟೀರಿಯಾ ಕೊಲ್ಲುವ ಗ್ಲುಟರಾಲ್ಡಿಹೈಡ್‌ನಲ್ಲಿ ನೆನೆಸಿ, 'ಸ್ವಚ್ಛ' ಅಂತ ಚೀಟಿ ಹಚ್ಚಿದ್ದ ಬ್ಯಾಗ್ ಅದು.

ಕೊಡಗಿನ ಜುಲೈ ಗೊತ್ತಿರುವವರಿಗೆ ಮುಂದಿನದ್ದು ಹೇಳಬೇಕಾಗಿಲ್ಲ. ಜೋರು ಮಳೆಯ ಕಕ್ಕಡ ತಿಂಗಳಲ್ಲಿ ನಮ್ಮ ಮನೆಗಳಲ್ಲಿ ಒಂದು ಟವೆಲ್ ಒಣಗಬೇಕಾದರೆ ಒಲೆಯ ಮೇಲಿನ ಅಟ್ಟಕ್ಕೇ ಹಾಕಬೇಕು. ಚಪ್ಪಲಿಗೆ ಬೂಷ್ಟು ಬರುತ್ತದೆ. ಆ ತಿಂಗಳಲ್ಲಿ ಆಸ್ಪತ್ರೆಯ ಆಂಬು ಬ್ಯಾಗ್‌ಗಳನ್ನು ನಲ್ಲಿ ನೀರಲ್ಲಿ ತೊಳೆದು, ಹಿಂದಿನ ಕಾರಿಡಾರಿನ ಮೊಳೆಗಳಿಗೆ ನೇತುಹಾಕುತ್ತಿದ್ದೆವು. ಬೇಸಿಗೆಯಲ್ಲಿ ಸಂಜೆಯೊಳಗೆ ಒಣಗುತ್ತಿದ್ದವು. ಜುಲೈನಲ್ಲಿ ಎರಡು ದಿನವಾದರೂ ಇಲ್ಲ. ಔಷಧದಲ್ಲಿ ನೆನೆಸಿ ಕೊಂದದ್ದನ್ನು ನಲ್ಲಿ ನೀರು, ನಮ್ಮ ಕೈ, ಒದ್ದೆ ಗಾಳಿ ಮತ್ತೆ ಒಳಗೆ ಬಿಡುತ್ತಿದ್ದವು. ಅದರ ಮೇಲೆ, ಅವು ಒಂದೇ ಸಲ ಬಳಸಿ ಬಿಸಾಡುವ ತರಹದವು. ದುಡ್ಡು ಉಳಿಸಲು ಮತ್ತೆ ಮತ್ತೆ ಬಳಸುತ್ತಿದ್ದೆವು.

ಈ ಮಗುವಿಗೆ ಆಂಬು ಬ್ಯಾಗ್ ಬೇಕಾದದ್ದು ಯಾವಾಗ ಅಂತ ಚಾರ್ಟಿನಲ್ಲಿ ಹುಡುಕಿದೆ. ಜುಲೈ 21, ರಾತ್ರಿ ಎರಡೂಕಾಲು. ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋಗಿತ್ತು. ಜನರೇಟರ್ ಹಿಡಿಯಲು ತಡವಾಯಿತು. ವೆಂಟಿಲೇಟರಿನ ಬ್ಯಾಟರಿ ಹಳೇದು. ಸಿಸ್ಟರ್ ಹನ್ನೊಂದು ನಿಮಿಷ ಕೈಯಲ್ಲೇ ಬ್ಯಾಗ್ ಒತ್ತಿ ಮಗುವನ್ನು ಬದುಕಿಸಿದ್ದಳು. ಅವಳಿಗೆ ಈ ವಿಷಯ ಹೇಳಿದಾಗ ಅವಳು ಬಿಳಿಚಿಕೊಂಡು ನಿಂತದ್ದನ್ನು ನಾನು ಮರೆಯಲಾರೆ. ಅವಳ ತಪ್ಪು ಒಂದಿಷ್ಟೂ ಇರಲಿಲ್ಲ. ಒದ್ದೆ ಬ್ಯಾಗನ್ನು ಅವಳ ಕೈಗಿಟ್ಟವರು ನಾವು.

ಸ್ವಾಬ್‌ಗಳಲ್ಲಿ ನಾಲ್ಕು ಬೆಳೆದವು. ಎರಡು ಆಂಬು ಬ್ಯಾಗ್‌ಗಳ ಒಳಭಾಗ, ಸಕ್ಷನ್ ಗುಂಡಿ, ಕೀಲಿಮಣೆ. ಜೀನ್ ಪರೀಕ್ಷೆ ಮಾಡುವ ಸೌಲಭ್ಯ ನಮ್ಮಲ್ಲಿಲ್ಲ, ಆದ್ದರಿಂದ ಆಂಬು ಬ್ಯಾಗಿನದ್ದೇ ಮಗುವಿನ ಎದೆಗೆ ಹೋಯಿತು ಅಂತ ಕೋರ್ಟಿನಲ್ಲಿ ಹೇಳುವ ಹಾಗೆ ಹೇಳಲಾರೆ. ಔಷಧಗಳ ಪಟ್ಟಿ ನಾಲ್ಕರಲ್ಲೂ ಒಂದೇ ಇತ್ತು. ನನಗೆ ಅಷ್ಟು ಸಾಕಾಯಿತು.

ಸ್ವಾಬ್ ಮುಗಿಸಿ ಬ್ಯಾಗ್ ಹಿಡಿದು ನಿಂತಿದ್ದಾಗ ಐಸಿಯು ಗುಡಿಸಿ ಒರೆಸುವ ಅಕ್ಕ ಹತ್ತಿರ ಬಂದರು. "ಅದು ಒಣಗೋದೇ ಇಲ್ಲ ಸಿಸ್ಟ್ರೇ. ಜೂನ್‌ನಿಂದ ಹಂಗೇ. ನಾನು ಅಲ್ಲಾಡಿಸಿ ನೀರು ತೆಗ್ದು ನೇತಾಕ್ತೀನಿ, ಆದ್ರೂ ಒಳಗೆ ಇರ್ತದೆ." ಮೊದಲೇ ಯಾಕೆ ಹೇಳಲಿಲ್ಲ ಅಕ್ಕಾ ಅಂದೆ. "ಯಾರೂ ಕೇಳ್ಳಿಲ್ವಲ್ಲ" ಅಂದರು. ತಿಂಗಳಿಗೊಮ್ಮೆ ಸೋಂಕು ಸಮಿತಿ ಸಭೆ ಸೇರುತ್ತಿತ್ತು. ಡಾಕ್ಟರು, ನಾವು, ಸ್ಟೋರ್ಸಿನವರು ಎಲ್ಲ ಇರುತ್ತಿದ್ದೆವು. ದಿನಾ ಆ ಬ್ಯಾಗ್ ಮುಟ್ಟುವವರನ್ನು ಒಂದು ದಿನವೂ ಕರೆದಿರಲಿಲ್ಲ.

ಇನ್ನೊಂದು ನಮ್ಮದೇ ಪೆನ್ನಿನಿಂದ ಆದದ್ದು. ಮಗು ಬಂದ ದಿನವೇ 'ಇರಲಿ' ಅಂತ ಸೆಫ್ಟ್ರಿಯಾಕ್ಸೋನ್ ಬರೆದಿದ್ದೆವು. ಹಾವು ಕಚ್ಚಿದ ಜಾಗದಲ್ಲಿ ಕೊಳೆಯಿಲ್ಲ, ಜ್ವರವಿಲ್ಲ, ಎಕ್ಸ್‌ರೇ ಸ್ವಚ್ಛ. ಅದರ ಅಗತ್ಯವೇ ಇರಲಿಲ್ಲ. ಐದು ದಿನ ಅದು ಬಾಯಿ, ಗಂಟಲಿನ ನಿರುಪದ್ರವಿ ಬ್ಯಾಕ್ಟೀರಿಯಾಗಳನ್ನು ಕೊಂದು ಈ ಗಟ್ಟಿಗನಿಗೆ ಜಾಗ ಮಾಡಿಕೊಟ್ಟಿತು. 2014ರ ಮಾರ್ಚ್‌ನಿಂದ ಔಷಧದ ಅಂಗಡಿಯವರು ಸೆಫ್ಟ್ರಿಯಾಕ್ಸೋನ್, ಮೆರೊಪೆನೆಮ್‌ನಂಥವನ್ನು ಎಚ್1 ಪಟ್ಟಿಯಡಿ ಬೇರೆ ರಿಜಿಸ್ಟರಿನಲ್ಲಿ ಬರೆದಿಡಬೇಕು. ಐಸಿಯು ಒಳಗೆ ನಾವು ಬರೆಯುವುದಕ್ಕೆ, ಯಾಕೆ ಬರೆದೆವು ಅಂತ ಕೇಳುವ ಯಾವ ರಿಜಿಸ್ಟರೂ ಇರಲಿಲ್ಲ.

ಮೂತ್ರ ಮತ್ತು ಮದ್ದು ಪಾಯಸ

ಕೊಲಿಸ್ಟಿನ್ ಶುರುವಾದ ಮೇಲೆ ನಮ್ಮ ಕಣ್ಣೆಲ್ಲ ಯೂರಿನ್ ಬ್ಯಾಗಿನ ಮೇಲೆ. 15 ಕಿಲೋ ಮಗು ಗಂಟೆಗೆ 15 ಮಿಲಿಲೀಟರಿನಷ್ಟಾದರೂ ಮಾಡಬೇಕು. ಆಗಸ್ಟ್ 1ಕ್ಕೆ ಅದು 10ಕ್ಕೆ ಇಳಿಯಿತು. ಕಿಡ್ನಿ ಸೋತಷ್ಟೂ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 0.4 ಇದ್ದದ್ದು 0.9 ಆಯಿತು. ಡೋಸ್ ಸರಿಮಾಡಿದರು, ನೀರಿನ ಲೆಕ್ಕ ಬದಲಿಸಿದರು. ಜೊತೆಗೆ ದಿನಕ್ಕೆ ಮೂರು ಸಲ ಕತ್ತಿನ ಬಲ ನೋಡುತ್ತಿದ್ದೆವು. "ಪುಟ್ಟಾ, ತಲೆ ಎತ್ತು" ಅಂದರೆ ದಿಂಬಿನಿಂದ ಎರಡು ಬೆರಳಿನಷ್ಟು ಮೇಲೆ ಎತ್ತುತ್ತಿದ್ದ. ಆ ಎರಡು ಬೆರಳು ಎಲ್ಲಿ ಕಡಿಮೆಯಾಗುತ್ತದೋ ಅಂತ ಪ್ರತಿ ಸಲ ಎದೆ ಹೊಡೆದುಕೊಳ್ಳುತ್ತಿತ್ತು.

ಆಗಸ್ಟ್ 3 ಬಂತು. ಕಕ್ಕಡ 18. ಕೊಡಗಿನಲ್ಲಿ ಅವತ್ತು ಮದ್ದು ಸೊಪ್ಪು ಬೇಯಿಸಿ, ಕಡು ನೇರಳೆ ರಸ ತೆಗೆದು ಪಾಯಸ ಮಾಡುತ್ತಾರೆ. ಆ ದಿನ ಸೊಪ್ಪಿನಲ್ಲಿ 18 ಬಗೆಯ ಔಷಧ ಸೇರಿರುತ್ತದೆ ಅನ್ನುವ ನಂಬಿಕೆ. ಅಜ್ಜಿ ಒಂದು ಸಣ್ಣ ಸ್ಟೀಲ್ ಡಬ್ಬಿ ಹಿಡಿದು ಬಂದರು. ತೋಟದ ಸಾಹುಕಾರರ ಮನೆಯಿಂದ ಕೊಟ್ಟಿದ್ದಂತೆ. "ಮೂಗಿನ ನಳಿಗೇಲಿ ಎರಡು ಚಮಚ ಬಿಡವ್ವಾ" ಅಂದರು.

ಆಗಲ್ಲ ಅಂತ ಹೇಳಲು ಕಷ್ಟವಾಯಿತು. ಮದ್ದು ಪಾಯಸ ತಿಂದವರ ಮೂತ್ರ ಕೆಂಪಾಗುತ್ತದೆ ಅಂತ ಅವರಿಗೂ ಗೊತ್ತು, ನನಗೂ ಗೊತ್ತು. "ಅಜ್ಜೀ, ನಾವು ಅವನ ಮೂತ್ರದ ಬಣ್ಣ ನೋಡೇ ಕಿಡ್ನಿ ಹೇಗಿದೆ ಅಂತ ಅಂದಾಜು ಮಾಡ್ತಾ ಇದೀವಿ. ಕೆಂಪಾದ್ರೆ ರಕ್ತವೋ ಮದ್ದೋ ಗೊತ್ತಾಗಲ್ಲ. ಅವನು ಮನೆಗೆ ಬಂದ ಮೇಲೆ ಮುಂದಿನ ವರ್ಷ ಮಾಡಿಕೊಡಿ" ಅಂದೆ. ಅಜ್ಜಿಗೆ ಅದು ಸರಿ ಅನ್ನಿಸಿತು. ಡಬ್ಬಿಯನ್ನು ನಮ್ಮ ಕೈಗೇ ಕೊಟ್ಟು, "ನೀವು ತಿನ್ನಿ ಹಂಗಾದ್ರೆ, ರಾತ್ರಿ ಎಲ್ಲ ನಿದ್ದೆ ಇಲ್ಲ ನಿಮಗೆ" ಅಂದರು.

ಅಷ್ಟರಲ್ಲಿ ಜ್ವರ ಬಿಟ್ಟಿತ್ತು. ಕಫ ತಿಳಿಯಾಗುತ್ತಾ ಬಂತು. 4ಕ್ಕೆ ಆಕ್ಸಿಜನ್ ಶೇ 30ಕ್ಕೆ ಇಳಿಯಿತು, ಮೂತ್ರ ಮತ್ತೆ 18ಕ್ಕೆ ಏರಿತು. 5ರಂದು ಟ್ಯೂಬ್ ತೆಗೆದೆವು. ಮೊದಲ ಮಾತು ದನಿಯಿಲ್ಲದೆ ಬರೀ ಗಾಳಿಯಾಗಿ ಬಂತು. ತುಟಿ ನೋಡಿ ತಿಳಿದುಕೊಂಡೆವು. ನೀರು ಕೇಳುತ್ತಿದ್ದ. 6ಕ್ಕೆ ಔಷಧ ಮುಗಿಯಿತು. ಸೊರಗಿದ ಕಾಲಿಗೆ ಬಲ ಬರಲು ಒಂದು ವಾರ ಹಿಡಿಯಿತು. 13ರಂದು ಮನೆಗೆ ಹೋದ.

ಬದಲಾದದ್ದು

ಬಿಸಾಡುವ ಆಂಬು ಬ್ಯಾಗ್‌ಗಳನ್ನೆಲ್ಲ ಬಿಸಾಡಿದೆವು. ಆಟೋಕ್ಲೇವ್‌ನ ಬಿಸಿ ಹಬೆಗೆ ತಡೆಯುವ ಸಿಲಿಕಾನ್ ಬ್ಯಾಗ್, ಹಾಸಿಗೆಗೆ ಒಂದರಂತೆ ಬಂತು. ಹೆಚ್ಚಿಗೆ ಎರಡು. ದುಡ್ಡಿಗಾಗಿ ನಾನು ಮಾಡಿದ ಲೆಕ್ಕ ಸರಳ: ಒಂದು ಮಗುವಿನ ಹೆಚ್ಚುವರಿ ಹದಿನೈದು ದಿನದ ಐಸಿಯು ಖರ್ಚನ್ನು ಒಂದು ಹಾಳೆಯಲ್ಲಿ, ಎಂಟು ಬ್ಯಾಗ್‌ನ ಬೆಲೆಯನ್ನು ಇನ್ನೊಂದು ಹಾಳೆಯಲ್ಲಿ ಬರೆದು ಮೇಜಿನ ಮೇಲಿಟ್ಟೆ. ಬಿಸಿಗಾಳಿಯಲ್ಲಿ ಒಣಗಿಸುವ ಕಪಾಟು ಬರಲು ಎರಡು ತಿಂಗಳಾಯಿತು. ಕೊನೆಯ ತೊಳೆತ ಈಗ ನಲ್ಲಿ ನೀರಲ್ಲಲ್ಲ, ಸ್ಟೆರೈಲ್ ನೀರಲ್ಲಿ. ಪ್ಯಾಕ್ ಮಾಡುವ ಮೊದಲು ವಾಲ್ವ್‌ನ ತುಟಿ ಬಿಡಿಸಿ ಬಿಳಿ ಟಿಶ್ಯೂ ಮೇಲೆ ಒತ್ತುತ್ತಾರೆ. ಕಲೆ ಕಂಡರೆ ವಾಪಸ್ ಕಪಾಟಿಗೆ. ಇದು ಒರೆಸುವ ಅಕ್ಕ ಹೇಳಿದ ಉಪಾಯ. ಅವರು ಈಗ ಸಮಿತಿಯಲ್ಲಿದ್ದಾರೆ.

ಸಿಂಕಿನ ಹತ್ತಿರ ಎಲ್ಲರೂ ಕೈ ಒರೆಸುತ್ತಿದ್ದ ಬಟ್ಟೆಯ ಟವೆಲ್ ಹೋಯಿತು. ಮಳೆಗಾಲದಲ್ಲಿ ಅದೂ ಒಣಗಿದ್ದೇ ಇಲ್ಲ. ಪ್ರತಿ ಹಾಸಿಗೆಯ ಕಾಲ್ದೆಸೆಗೆ ಕೈಗೆ ಹಚ್ಚುವ ಸ್ಪಿರಿಟ್ ಬಾಟಲಿ ಬಂತು, 20ರಿಂದ 30 ಸೆಕೆಂಡ್ ಉಜ್ಜಿದರೆ ಸಾಕು. ಸಿಂಕಿನವರೆಗೆ ನಡೆಯಲು ಪುರುಸೊತ್ತಿಲ್ಲದ ರಾತ್ರಿಗಳಲ್ಲಿ ಇದೇ ಉಳಿಸುವುದು.

ಅತಿ ಹೆಚ್ಚು ಜಗಳವಾದದ್ದು ಸ್ವೆಟರ್ ಬಗ್ಗೆ. ಕೊಡಗಿನ ಚಳಿಗೆ ನಾವೆಲ್ಲ, ಡಾಕ್ಟರುಗಳೂ, ತುಂಬು ತೋಳಿನ ಸ್ವೆಟರ್ ಹಾಕಿಕೊಂಡೇ ಐಸಿಯುವಿನಲ್ಲಿ ಓಡಾಡುತ್ತಿದ್ದೆವು. ಕೈ ಎಷ್ಟೇ ತೊಳೆದರೂ ಉಣ್ಣೆಯ ಅಂಚು ಒಂದು ಮಗುವಿನ ಹಾಸಿಗೆ ಮುಟ್ಟಿ ಇನ್ನೊಂದಕ್ಕೆ ಹೋಗುತ್ತದೆ. ಬಾಗಿಲಲ್ಲೇ ಸ್ವೆಟರ್ ಬಿಚ್ಚಿ, ಮೊಣಕೈವರೆಗೆ ಬರಿಗೈ ಅಂತ ನಿಯಮ ಮಾಡಿದೆ. ಚಳಿಯಲ್ಲಿ ಸಾಯಿಸ್ತೀರಾ ಅಂತ ಕೇಳಿದರು. ಅವರು ಕೇಳಿದ್ದು ನ್ಯಾಯವೇ. ಐಸಿಯುವಿಗೆ ಹೀಟರ್ ಹಾಕಿಸಿದ ಮೇಲೆ ನಿಯಮ ನಿಂತಿತು.

ಆ್ಯಂಟಿಬಯಾಟಿಕ್ ಬರೆದರೆ ಯಾಕೆ ಅಂತ ಒಂದು ಸಾಲು ಬರೆಯಬೇಕು. 48 ಗಂಟೆಗೆ ಮತ್ತೆ ನೋಡಿ, ಬೇಡವಾದರೆ ನಿಲ್ಲಿಸಬೇಕು. ಕೆಟ್ಟ ಬ್ಯಾಕ್ಟೀರಿಯಾ ಇರುವ ಮಗುವನ್ನು ಬೇರೆ ಆಸ್ಪತ್ರೆಗೆ ಕಳಿಸುವಾಗ ಚೀಟಿಯ ಮೇಲ್ಭಾಗದಲ್ಲೇ ಅದನ್ನು ಬರೆಯುತ್ತೇವೆ. ಜೂನ್‌ನಲ್ಲಿ ಬಂದ ಆ ಮಗುವಿನ ಚೀಟಿಯಲ್ಲಿ ಅಂಥ ಒಂದು ಸಾಲು ಇದ್ದಿದ್ದರೆ ಅಂತ ಈಗಲೂ ಅನ್ನಿಸುತ್ತದೆ.

ನವೆಂಬರ್‌ನಲ್ಲಿ ಹುಡುಗ ತೋರಿಸಿಕೊಳ್ಳಲು ಬಂದಿದ್ದ. ಐಸಿಯುವಿನಲ್ಲಿ ಕಣ್ಣು ಬಿಟ್ಟ ಮೇಲೂ ಅವನು ನೋಡಿದ್ದು ನನ್ನ ಮಾಸ್ಕ್ ಮತ್ತು ಟೋಪಿ ಮಾತ್ರ. ಓಪಿಡಿಯಲ್ಲಿ ಎದುರಿಗೆ ನಿಂತರೂ ಗುರುತು ಸಿಗಲಿಲ್ಲ, ಅಮ್ಮನ ಹಿಂದೆ ಅಡಗಿಕೊಂಡ. "ಪುಟ್ಟಾ, ಬಾಯಿ ತೊಳೀಲಾ?" ಅಂದೆ. ಸೆರಗಿನ ಮರೆಯಿಂದ ತಲೆ ಹೊರಗೆ ಬಂತು.

ಆ ವರ್ಷದ ಡಿಸೆಂಬರ್‌ವರೆಗೆ ತಿಂಗಳಿಗೊಮ್ಮೆ ತೆಗೆದ ಸ್ವಾಬ್‌ಗಳಲ್ಲಿ ಆ ಬ್ಯಾಕ್ಟೀರಿಯಾ ಬೆಳೆಯಲಿಲ್ಲ. ಈ ತಿಂಗಳು ಮಳೆ ಹಿಡಿದ ಮೇಲೆ ಮತ್ತೆ 22 ಜಾಗದಿಂದ ತೆಗೆದೆ. ಆಂಬು ಬ್ಯಾಗ್‌ಗಳು ಎಂಟೂ ಸ್ವಚ್ಛ. ಸಿಂಕಿನ ಕೊಳವೆಯ ಬಾಯಲ್ಲಿ ಒಂದು ಬೆಳೆದಿದೆ. ಆ ಸಿಂಕ್ ಮುಚ್ಚಿ ಟೇಪ್ ಹಚ್ಚಿದ್ದೇನೆ. ಸೋಮವಾರ ಪ್ಲಂಬರ್ ಬರುತ್ತಾರೆ, ಅಕ್ಕನೂ ಜೊತೆಗಿರುತ್ತಾರೆ.